ಸ್ಫೋಟದ ದೂರು: ತನಿಖೆಗೆ ಮುನ್ನ ಗಮನಿಸಬೇಕಾದದ್ದು

ಗುಂಪಿನ ಎಲ್ಲ ಸದಸ್ಯರ ಗಮನಕ್ಕೆ,

ಕಲ್ಲುಗಣಿಯ ಸ್ಫೋಟದಿಂದ ಗೋಡೆ ಬಿರುಕು ಬಿಟ್ಟಿದೆಯೆಂದು ದೂರು ಕೊಟ್ಟಿರುವ ಮನೆಯವರು, ತನಿಖೆಗೆ ಬರುವ ಅಧಿಕಾರಿಗಳು ಬಿರುಕನ್ನಷ್ಟೇ ನೋಡಿ ತೀರ್ಮಾನಿಸುವುದಿಲ್ಲ ಎಂಬುದನ್ನು ದಯವಿಟ್ಟು ತಿಳಿದಿರಬೇಕು. ಮನೆಯ ಬುಡದ ನೆಲಕ್ಕೆ ಕಂಪನಮಾಪಕವನ್ನು ಭದ್ರವಾಗಿ ಕೂರಿಸಿ, ಸ್ಫೋಟದ ಹೊತ್ತಿನಲ್ಲಿ ನೆಲ ಸೆಕೆಂಡಿಗೆ ಎಷ್ಟು ಮಿಲಿಮೀಟರ್ ವೇಗದಲ್ಲಿ ಅದುರುತ್ತದೆ, ಆ ಅದುರಿನ ಆವರ್ತನವೆಷ್ಟು (ಅಂದರೆ ಸೆಕೆಂಡಿಗೆ ಎಷ್ಟು ಸಲ ಅದುರುತ್ತದೆ; ಇದರ ಏಕಮಾನ ಹರ್ಟ್ಸ್) ಎಂಬುದನ್ನು ಅಳೆಯಲಾಗುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆಯ ಪ್ರಕಾರ, ಗಣಿ ಮಾಲೀಕರಿಗೆ ಸೇರದ ವಾಸದ ಮನೆಗಳಿಗೆ ಈ ವೇಗದ ಮಿತಿಯು 8 ಹರ್ಟ್ಸ್‌ಗಿಂತ ಕಡಿಮೆ ಆವರ್ತನದಲ್ಲಿ ಸೆಕೆಂಡಿಗೆ 5 ಮಿ.ಮೀ., 8ರಿಂದ 25ರವರೆಗೆ 10, ಅದಕ್ಕೂ ಮೇಲೆ 15 ಮಿ.ಮೀ. ಆಗಿದೆ. ನಿಧಾನದ ತೂಗಾಟವೇ ಕಟ್ಟಡಕ್ಕೆ ಹೆಚ್ಚು ಅಪಾಯಕಾರಿಯಾದ್ದರಿಂದ ಅಲ್ಲಿ ಮಿತಿ ಬಿಗಿಯಾಗಿದೆ.

ಅಳತೆಯ ದಿನ ಸಿಡಿಮದ್ದು ಕಡಿಮೆ ತುಂಬಿದರೆ ಅಂಕಿಯೂ ತಗ್ಗುತ್ತದೆ. ಆದ್ದರಿಂದ ಒಂದೇ ಸಿಡಿತದ ಅಳತೆಗೆ ಒಪ್ಪದೆ, ಆ ದಿನ ಮದ್ದು ತುಂಬಿದ ಕುಳಿಗಳ ಸಂಖ್ಯೆ ಮತ್ತು ಮದ್ದಿನ ತೂಕವನ್ನು ಗಣಿಯ ಹಿಂದಿನ ದಾಖಲೆಗಳೊಂದಿಗೆ ಹೋಲಿಸುವಂತೆ ಲಿಖಿತವಾಗಿಯೇ ಕೇಳೋಣ. ಕಿಟಕಿ ಗಡಗಡ ಎನ್ನುವುದು ಬಹುಪಾಲು ಸ್ಫೋಟದಿಂದ ಗಾಳಿಯಲ್ಲಿ ಹರಡುವ ಒತ್ತಡದಿಂದ, ನೆಲದ ಅದುರಿನಿಂದಲ್ಲ. ಅದರ ಅಳತೆಯೇ ಬೇರೆ.

ಪ್ರತಿ ಮನೆಯವರೂ ಸಿಡಿತದ ದಿನಾಂಕವನ್ನು ಗಂಟೆ, ನಿಮಿಷದ ಸಮೇತ ಬರೆದಿಡಬೇಕು. ಬಿರುಕಿನ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಅಳತೆಪಟ್ಟಿ ಹಿಡಿದು ಫೋಟೊ ತೆಗೆಯಬೇಕು. "ಭೂಕಂಪವಾದಂತಾಯಿತು" ಎಂಬ ಒಂದು ಸಾಲಿನ ಸಂದೇಶದಿಂದ ತನಿಖೆಗೆ ಏನೂ ಸಿಗದು.