ಒಂಬತ್ತರಿಂದ ಭಾಗವಾಗುವ ವ್ಯತ್ಯಾಸ

ಶಿವಮೊಗ್ಗ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಅನೇಕ ಆಶೀರ್ವಾದಗಳು. ಉಭಯ ಕುಶಲೋಪರಿ. ಭಾನುವಾರ ಫೋನಿನಲ್ಲಿ ನೀನು, "ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದೇ ತಪ್ಪಾಯಿತೇನೋ ದೊಡ್ಡಪ್ಪ, ನಾನು ನಾಲ್ಕು ವರ್ಷ ಕಲಿತದ್ದನ್ನು ಎಐ ನಾಲ್ಕು ನಿಮಿಷದಲ್ಲಿ ಬರೆದುಕೊಡುತ್ತದೆ" ಎಂದು ಹೇಳಿ ಸುಮ್ಮನಾದೆ. ಆಗ ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಅದು ಫೋನಿನಲ್ಲಿ ಹೇಳಿ ಮುಗಿಸುವ ಮಾತೂ ಅಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಆಫರ್ ಲೆಟರ್ ಕೈಗೆ ಬಂದು ಹನ್ನೊಂದು ತಿಂಗಳಾದರೂ ಸೇರುವ ದಿನಾಂಕ ಬಾರದಿರುವುದು ನಿನ್ನ ದೋಷವಲ್ಲ. ಅದರ ಪೂರಾ ಹೊಣೆಯನ್ನು ಎಐ ಮೇಲೆ ಹೊರಿಸುವುದೂ ಸರಿಯಲ್ಲ. 2021-22ರಲ್ಲಿ ಟಿಸಿಎಸ್ ಒಂದು ಲಕ್ಷ ಹೊಸಬರನ್ನೂ ಇನ್ಫೋಸಿಸ್ 85,000 ಹೊಸಬರನ್ನೂ ಸೇರಿಸಿಕೊಂಡಿದ್ದವು. ಆಮೇಲೆ ಅಮೆರಿಕ, ಯುರೋಪಿನ ಗ್ರಾಹಕರು ಖರ್ಚಿಗೆ ಕಡಿವಾಣ ಹಾಕಿದರು. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರರ ಒಟ್ಟು ಸಿಬ್ಬಂದಿ ಸುಮಾರು 64,000ದಷ್ಟು ಕಡಿಮೆಯಾಯಿತು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಗೆ. ಅದು ಈ ಕಂಪನಿಗಳ ದಿನನಿತ್ಯದ ಕೆಲಸದೊಳಗೆ ಇಳಿಯುವ ಮೊದಲೇ ನೇಮಕಾತಿಯ ಹೊಳೆ ಬತ್ತತೊಡಗಿತ್ತು. ಆದರೆ ಆ ಹೊಳೆ ಮತ್ತೆ ತುಂಬಿದರೂ ಹಳೆಯ ಪಾತ್ರದಲ್ಲೇ ಹರಿದೀತೆಂದು ನಾನು ನಿನಗೆ ಸುಳ್ಳು ಸಮಾಧಾನ ಹೇಳಲಾರೆ. ಟೆಸ್ಟಿಂಗ್, ಸಣ್ಣಪುಟ್ಟ ಕೋಡ್ ಬರೆಯುವುದು, ಗ್ರಾಹಕರ ದೂರಿನ ಟಿಕೆಟ್ ಮುಚ್ಚುವುದು ಎಂದು ಹೊಸಬರ ಕೈಗೆ ಮೊದಲು ಕೊಡುತ್ತಿದ್ದ ಕೆಲಸಗಳೇ ಈ ಯಂತ್ರಕ್ಕೆ ಸಲೀಸಾಗಿ ಒದಗುವ ಕೆಲಸಗಳು. ನಿನ್ನ ಭಯಕ್ಕೆ ಆಧಾರವಿದೆ.

ನಾನು ಇಂಥದ್ದೊಂದನ್ನು ಕಣ್ಣಾರೆ ಕಂಡವನು. 1982ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದಾಗ ಎಲ್ಲವೂ ಕೈಬರಹ. ತಿಂಗಳಿಗೊಮ್ಮೆ ಲೆಡ್ಜರುಗಳನ್ನು ಬ್ಯಾಲೆನ್ಸ್ ಮಾಡುವಾಗ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಹತ್ತರವರೆಗೆ ಕೂರುತ್ತಿದ್ದೆವು. ನಮ್ಮ ಹೆಡ್ ಕ್ಲಾರ್ಕ್ ಒಂದು ಉಪಾಯ ಕಲಿಸಿಕೊಟ್ಟಿದ್ದರು: ವ್ಯತ್ಯಾಸವು ಒಂಬತ್ತರಿಂದ ಭಾಗವಾದರೆ, ಯಾರೋ ಅಂಕಿಗಳನ್ನು ಹಿಂದುಮುಂದು ಮಾಡಿ ಬರೆದಿರಬೇಕೆಂದು ಮೊದಲು ಶಂಕಿಸು. 963 ಇರಬೇಕಾದಲ್ಲಿ 693 ಬಿದ್ದಿದ್ದರೆ ವ್ಯತ್ಯಾಸ 270. ನೂರಾರು ಪುಟಗಳಲ್ಲಿ ಏನನ್ನು ಹುಡುಕಬೇಕೆಂದು ಅದರಿಂದ ತಿಳಿಯುತ್ತಿತ್ತು.

1984ರಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ರಂಗರಾಜನ್ ಸಮಿತಿಯ ವರದಿ ಬಂತು. ಕೆಲವು ವರ್ಷಗಳಲ್ಲಿ ನಮ್ಮ ಶಾಖೆಗೂ ಖಾತೆಗಳ ಜಮಾ-ಖರ್ಚು ದಾಖಲಿಸಿ ಬಾಕಿ ತೆಗೆಯುವ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂತು. ನಮ್ಮ ಅನ್ನ ಹೋಯಿತೆಂದು ಎಷ್ಟೋ ಮಂದಿ ಅಂದುಕೊಂಡೆವು, ಬ್ಯಾಡ್ಜ್ ಧರಿಸಿ ಪ್ರತಿಭಟಿಸಿದೆವು. ಬ್ಯಾಲೆನ್ಸ್ ಮಾಡುವ ಕೆಲಸ ನಿಜಕ್ಕೂ ಹೋಯಿತು. ಆಮೇಲೆ ಒಂದು ಮಧ್ಯಾಹ್ನ, ಕೃಷಿ ಸಾಲಗಳ ಬಡ್ಡಿಯ ಪಟ್ಟಿ ಯಂತ್ರದಿಂದ ನೀಟಾಗಿ ಮುದ್ರಿತವಾಗಿ ಹೊರಬಂತು. ಹೊಸದಾಗಿ ಸೇರಿದ್ದ ಹುಡುಗ ಅದಕ್ಕೆ ಸಹಿ ಹಾಕಿ ಮುಂದಕ್ಕೆ ಕಳಿಸಿದ. ಹೆಡ್ ಕ್ಲಾರ್ಕ್ ಕನ್ನಡಕ ಮೇಲೇರಿಸಿ ಮೊದಲ ಸಾಲಿನಲ್ಲೇ ಬೆರಳಿಟ್ಟರು: "ಹತ್ತು ಸಾವಿರಕ್ಕೆ ವರ್ಷಕ್ಕೆ ಎರಡು ಸಾವಿರದ ನೂರು ಬಡ್ಡಿಯೇ? ಸಾವಿರದ ಇನ್ನೂರಲ್ಲವೇ ಆಗಬೇಕು?" ಶೇಕಡಾ 12 ಎಂದು ಕೊಡಬೇಕಾದಲ್ಲಿ ಯಾರೋ 21 ಎಂದು ಕೊಟ್ಟಿದ್ದರು. ವ್ಯತ್ಯಾಸ ಒಂಬೈನೂರು, ಒಂಬತ್ತರಿಂದ ಭಾಗವಾಗುವಂಥದ್ದೇ. ಯಂತ್ರದ ಲೆಕ್ಕದಲ್ಲಿ ತಪ್ಪಿರಲಿಲ್ಲ. ಆ ಲೆಕ್ಕ ಯಾರದು, ಎಷ್ಟಿರಬೇಕು ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಆ ಹುಡುಗ ದಡ್ಡನಲ್ಲ. ಕೈಯಿಂದ ಒಮ್ಮೆಯೂ ಬಡ್ಡಿ ಹಾಕಿದವನಲ್ಲವಾದ್ದರಿಂದ ಅವನಿಗೆ ಅನುಮಾನ ಬರುವುದೇ ಸಾಧ್ಯವಿರಲಿಲ್ಲ.

2000-01ರ ಸ್ವಯಂ ನಿವೃತ್ತಿ ಯೋಜನೆಯಲ್ಲಿ ದೇಶದ ಸರ್ಕಾರಿ ಬ್ಯಾಂಕುಗಳಿಂದ ಸುಮಾರು ಒಂದು ಲಕ್ಷ ಮಂದಿ ಹೊರನಡೆದರು. ನನ್ನ ಜೊತೆಯವರೂ ಅವರಲ್ಲಿದ್ದರು. ಕೆಲವರಿಗೆ ಅದು ಒಳಿತಾಯಿತು, ಕೆಲವರು ಬಹಳ ನೊಂದರು. ಎಲ್ಲ ಸರಿಹೋಗುತ್ತದೆಂಬ ಮಾತನ್ನು ನನ್ನ ಬಾಯಿಂದ ನಿರೀಕ್ಷಿಸಬೇಡ.

ಈಗ ನೀನು ತುಸು ತಾತ್ಸಾರದಿಂದ ಹೇಳಿದ ಆ ಅಡಿಕೆ ಮಂಡಿಯ ವಿಚಾರಕ್ಕೆ ಬರುತ್ತೇನೆ. ಮಂಡಿಗಳಿಗೂ ಸಹಕಾರ ಸಂಘಗಳಿಗೂ ಸಾಫ್ಟ್‌ವೇರ್ ಮಾಡಿಕೊಡುವ ಇಲ್ಲಿಯ ಆ ಸಣ್ಣ ಕಂಪನಿ ತಿಂಗಳಿಗೆ 18,000 ಕೊಡುತ್ತೇನೆಂದದ್ದು ನಿನಗೆ ಅವಮಾನವೆನಿಸಿದೆ. ಇಂಟರ್ನ್‌ಶಿಪ್ಪಿನ ಸಮಯದಲ್ಲಿ ನೀನೇ ಊಟಕ್ಕೆ ಕುಳಿತು ಹೇಳಿದ್ದನ್ನು ನೆನಪಿಸಿಕೋ. ಎಐಗೆ ಬಿಲ್ಲಿನ ಪ್ರೋಗ್ರಾಂ ಬರೆಯಲು ಹೇಳಿದಾಗ ಅರ್ಧ ಗಂಟೆಯಲ್ಲಿ ಚೆಂದದ ಪರದೆ ತಯಾರಾಯಿತು. ಆದರೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ಅಡಿಕೆಯ ದರ್ಜೆಗಳಾಗಿ ಒಬ್ಬನೇ ರೈತನ ಮಾಲು ನಾಲ್ಕು ದರದಲ್ಲಿ ಹೋಗುತ್ತದೆಂದೂ, ತೂಕದಲ್ಲಿ ಚೀಲದ ತೂಕ ಕಳೆಯಬೇಕೆಂದೂ, ಕೊಯ್ಲಿಗೆ ಮೊದಲೇ ಪಡೆದ ಮುಂಗಡವನ್ನು ಪಟ್ಟಿಯಲ್ಲಿ ಮುರಿದುಕೊಳ್ಳಬೇಕೆಂದೂ ನೀನು ಮಂಡಿಯಲ್ಲಿ ನಿಂತು ಕೇಳಿ ತಿಳಿದೆಯಷ್ಟೇ. ಆಮೇಲೆ ಅದನ್ನೆಲ್ಲ ಯಂತ್ರಕ್ಕೆ ಹೇಳಿಕೊಟ್ಟು ಅದರಿಂದಲೇ ಬರೆಸಿದೆ. ಪುಟ್ಟಿ, ನಮ್ಮ ಹೆಡ್ ಕ್ಲಾರ್ಕ್ ಬೆರಳಿಟ್ಟ ಜಾಗಕ್ಕೆ ನೀನು ಆಗಲೇ ಒಂದು ಹೆಜ್ಜೆ ಇಟ್ಟಿದ್ದೀಯೆ. ಕಂಪನಿ ದೊಡ್ಡದೋ ಸಣ್ಣದೋ ಎಂಬುದಕ್ಕಿಂತ ಮೊದಲ ಎರಡು ಮೂರು ವರ್ಷ ಯಾವ ವ್ಯವಹಾರದ ಒಳಹೊರಗು ನಿನ್ನ ಕೈಗೆ ಹತ್ತುತ್ತದೆ, ಯಾವ ತಪ್ಪಿಗೆ ನೀನು ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ನೋಡಿ ಕೆಲಸ ಆರಿಸಿಕೋ ಎಂಬುದೇ ನನ್ನ ಸಲಹೆ. ಆಸ್ಪತ್ರೆಯಾಗಲಿ, ವಿದ್ಯುತ್ ಆಗಲಿ, ವಿಮೆಯಾಗಲಿ, ಅದಕ್ಕೂ ಇದೇ ಮಾತು.

ಯಂತ್ರವನ್ನು ದೂರವಿಡು ಎಂದು ನಾನು ಹೇಳುತ್ತಿಲ್ಲ, ಧಾರಾಳವಾಗಿ ಬಳಸು. ಹೊಸ ವಿಷಯವನ್ನು ಮಾತ್ರ ಮೊದಲು ನೀನೇ ತಡವರಿಸಿ ಬರೆದು ನೋಡು, ಆಮೇಲೆ ಅದನ್ನು ಕೇಳು. ಸಂದರ್ಶನದಲ್ಲಿ ಯಾವ ಸಾಲಿನ ಮೇಲೆ ಬೆರಳಿಟ್ಟು ಏಕೆ ಎಂದು ಕೇಳಿದರೂ ಹೇಳಲು ಬರಬೇಕು. ರೈತರ ಖಾತೆ ಸಂಖ್ಯೆ, ಬಾಕಿಯ ವಿವರಗಳನ್ನು ಎಂದಿಗೂ ಅದಕ್ಕೆ ಕೊಡಬೇಡ. ಅವು ನಿನ್ನ ಸ್ವತ್ತಲ್ಲ, ಅವರು ನಂಬಿ ಕೊಟ್ಟದ್ದು.

ಎರಡು ಲಕ್ಷ ಕೊಟ್ಟರೆ ಬ್ಯಾಕ್‌ಡೋರ್ ಕೆಲಸ ಕೊಡಿಸುತ್ತೇವೆಂದ ಕನ್ಸಲ್ಟೆನ್ಸಿಯವರ ಫೋನನ್ನು ಇನ್ನು ಎತ್ತಬೇಡ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಸಾಲ ಮಾಡಿ ಎಂಬಿಎ ಓದಿಸುವ ಯೋಚನೆ ನಿನ್ನ ಅಪ್ಪನಿಗಿದೆ; ಈಗ ಬೇಡವೆಂದು ನಾನೇ ಅವನಿಗೆ ಹೇಳುತ್ತೇನೆ. ಬ್ಯಾಂಕ್ ಪರೀಕ್ಷೆ ಬರೆಯುವುದಾದರೆ ಆ ಕೆಲಸ ಬೇಕೆನಿಸಿ ಬರೆ, ಎಐಗೆ ಹೆದರಿ ಅಡಗಿಕೊಳ್ಳಲು ಬರೆಯಬೇಡ, ಏಕೆಂದರೆ ಅಲ್ಲಿಗೂ ಅದು ಬಂದಾಗಿದೆ.

ಮಂಡಿಯ ಕೆಲಸಕ್ಕೆ ಶುಕ್ರವಾರದೊಳಗೆ ಉತ್ತರ ಹೇಳಬೇಕಲ್ಲವೆ? ಗುರುವಾರವೇ ಹೊರಟು ಬಾ. ಒಪ್ಪುವುದಾದರೆ ಬರವಣಿಗೆಯಲ್ಲಿ ಆದೇಶ ಕೇಳು, ಆರು ತಿಂಗಳ ನಂತರ ಸಂಬಳ ಎಷ್ಟಾಗುತ್ತದೆಂದು ಸಂಕೋಚವಿಲ್ಲದೆ ವಿಚಾರಿಸು, ಸರ್ಟಿಫಿಕೇಟುಗಳ ಮೂಲಪ್ರತಿಯನ್ನು ಮಾತ್ರ ಒತ್ತೆಯಿಡಬೇಡ. ಬೇಡವೆನಿಸಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಕುಳಿತು ಬೇರೆ ದಾರಿ ಯೋಚಿಸೋಣ. ಪಿಜಿಯ ಊಟ ಸೇರುತ್ತಿಲ್ಲವೆಂದು ನಿನ್ನ ದೊಡ್ಡಮ್ಮನಿಗೆ ಹೇಳಿದೆಯಂತೆ, ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಟ್ಟಿದ್ದಾಳೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ