ನಮ್ಮ ಯಜಮಾನ್ರು ಬರೆದಿಟ್ಟು ಹೋದ ಟಾಯ್ಲೆಟ್ ಪ್ಲಾನು: ಸ್ಕೂಲಿಗಾಗಿ ಒಂದು ದೇಣಿಗೆ ಮನವಿ

ಎಲ್ಲರಿಗೂ ನಮಸ್ಕಾರ. ನಾನು ಬಸವನಗುಡಿ ಕಡೆ ಒಂದು ಕನ್ನಡ ಮೀಡಿಯಂ ಸ್ಕೂಲಲ್ಲಿ 29 ವರ್ಷ ಪಾಠ ಮಾಡಿ ರಿಟೈರ್ ಆದವಳು, ಈಗ ಅದೇ ಸ್ಕೂಲಿನ ಟ್ರಸ್ಟಲ್ಲಿದೀನಿ. ದುಡ್ಡು ಕೇಳೋಕೇ ಬರೀತಿರೋದು, ಮೊದ್ಲೇ ಹೇಳ್ಬಿಡ್ತೀನಿ. ಹೆಣ್ಮಕ್ಕಳ ಟಾಯ್ಲೆಟ್ ಕಟ್ಟಿಸ್ಬೇಕು.

ನಮ್ಮ ಯಜಮಾನ್ರು ಆರ್ಕಿಟೆಕ್ಟು. ಹೋದ ಕಾರ್ತೀಕದಲ್ಲಿ ತೀರ್ಕೊಂಡ್ರು. ಇವ್ರಿಗೆ ಒಂದು ಅಭ್ಯಾಸ, ಛತ್ರ ಆಗ್ಲಿ ಆಫೀಸಾಗ್ಲಿ ಎಲ್ಲಿಗೆ ಕರ್ಕೊಂಡು ಹೋದ್ರೂ ಮೊದ್ಲು ಹಿಂದ್ಗಡೆ ಹೋಗಿ ಟಾಯ್ಲೆಟ್ ನೋಡ್ಕೊಂಡು ಬರೋರು. ನನ್ನ ತಂಗಿ ಮಗಳ ಮದುವೇಲಿ ಧಾರೆ ಟೈಮಿಗೆ ಇವ್ರು ನಾಪತ್ತೆ, ನೋಡಿದ್ರೆ ಅಲ್ಲಿ ನಿಂತ್ಕೊಂಡು ನೀರು ಯಾವ ಕಡೆ ಹರಿಯತ್ತೆ ಅಂತ ಕ್ಲೀನ್ ಮಾಡೋ ಹೆಂಗಸಿನ ಹತ್ರ ವಿಚಾರಿಸ್ತಿದ್ದಾರೆ. "ಮುಂದ್ಗಡೆ ಎಲ್ರೂ ಚೆನ್ನಾಗೇ ಕಟ್ತಾರೆ ಕಣೇ" ಅಂದ್ರು, ನಂಗೆ ಬೈಯೋಕೂ ಆಗ್ಲಿಲ್ಲ.

ಒಳ್ಳೆ ಬಿಲ್ಡಿಂಗ್ ಕಂಡ್ರೆ ಪ್ರಾಣ. ಮಕ್ಕಳು ಚಿಕ್ಕೋರಿದ್ದಾಗ ಭಾನುವಾರ ಕೃಷ್ಣರಾವ್ ಪಾರ್ಕಿಗೆ ಕರ್ಕೊಂಡು ಹೋದ್ರೆ ಉಯ್ಯಾಲೆಗಿಂತ ಮುಂಚೆ ಅಲ್ಲಿನ ಪೆವಿಲಿಯನ್ ತೋರಿಸ್ಬೇಕು, ಇದು ಓಟೋ ಕೋನಿಗ್ಸ್‌ಬರ್ಗರ್ ಮಾಡಿದ್ದು, ಜರ್ಮನಿಯಿಂದ ಬಂದು ಮೈಸೂರು ಸರ್ಕಾರಕ್ಕೆ ಆರ್ಕಿಟೆಕ್ಟ್ ಆಗಿದ್ರು ಅಂತ ಕಥೆ. ಬನ್ನೇರುಘಟ್ಟ ರೋಡಿನ ಐಐಎಂ ಕಾರಿಡಾರ್‌ಗಳ ಬಗ್ಗೆ ಅಂತೂ ಮನೇಲಿ ದಿನಾ ಪುರಾಣ. ಅದನ್ನ ಡಿಸೈನ್ ಮಾಡಿದ ದೋಶಿಯವ್ರಿಗೆ 2018ರಲ್ಲಿ ಪ್ರಿಟ್ಜ್‌ಕರ್ ಬಂತಲ್ಲ, ಆರ್ಕಿಟೆಕ್ಟ್‌ಗಳಿಗೆ ಸಿಗೋ ದೊಡ್ಡ ಪ್ರಶಸ್ತಿ, ಭಾರತಕ್ಕೆ ಮೊದಲ್ನೇದು, ಅವತ್ತು ಇವ್ರು ಬೀದಿಗೆಲ್ಲ ಮೈಸೂರ್‌ಪಾಕ್ ಹಂಚಿದ್ರು, ಅಕ್ಕಪಕ್ಕದೋರು ಮಗಳ ಮದುವೆ ಗೊತ್ತಾಯ್ತೇನೋ ಅಂದ್ಕೊಂಡ್ರು!

ಇರ್ಲಿ, ವಿಷಯಕ್ಕೆ ಬರ್ತೀನಿ. ನಾನಿನ್ನೂ ಕೆಲಸದಲ್ಲಿದ್ದಾಗ ಒಂದಿನ ಊಟದ ಡಬ್ಬಿ ಮರೆತು ಹೋಗಿದ್ದೆ, ಇವ್ರೇ ತಂದ್ಕೊಟ್ರು, ಸ್ಕೂಲ್ ಬಿಡೋ ಹೊತ್ತಾಗಿತ್ತು ಆಗ್ಲೇ. ಕ್ಲಾಸ್ ಬಾಗ್ಲಲ್ಲಿ ನಿಂತು ನೋಡ್ತಾ ಇದ್ದೋರು ಸಾಯಂಕಾಲ ಮನೇಲಿ ಕೇಳಿದ್ರು, "ಹೆಣ್ಮಕ್ಕಳ ನೀರಿನ ಬಾಟ್ಲಿ ಯಾಕೆ ಎಲ್ಲಾ ತುಂಬೇ ಇದೆ?" ಅಂತ. ಮಾರನೇ ದಿನ ನೋಡ್ತೀನಿ, ನಿಜ. ಬೆಳಿಗ್ಗೆ ತಂದ ನೀರು ಹಾಗೇ ವಾಪಸ್ ಹೋಗ್ತಿದೆ. ಇನ್ನೂರು ಹುಡುಗೀರಿಗೆ ಮೂರು ಟಾಯ್ಲೆಟ್ಟು, ಒಂದಕ್ಕೆ ಚಿಲಕ ಇಲ್ಲ, ಫ್ರೆಂಡ್ ಹೊರಗೆ ಬಾಗ್ಲು ಹಿಡ್ಕೊಂಡು ನಿಲ್ಬೇಕು, ಅದಕ್ಕೆ ನೀರೇ ಕುಡಿಯಲ್ಲ ಮಕ್ಕಳು. ಅಷ್ಟು ವರ್ಷ ಅದೇ ಕ್ಲಾಸಲ್ಲಿ ಇದ್ದವಳು ನಾನು, ನನ್ನ ಕಣ್ಣಿಗೆ ಬಿದ್ದಿರ್ಲಿಲ್ಲ.

ಆಗಿಂದ ಇವ್ರು ಈ ಪ್ಲಾನ್ ಹಿಡ್ಕೊಂಡು ಕೂತ್ರು. ಕೊನೇ ಶೀಟು ಈಗ ನನ್ನ ಮುಂದೇನೇ ಇದೆ, ಪೆನ್ಸಿಲ್ಲಲ್ಲಿ ಬರೆದಿರೋದು. ಪ್ರತಿ ಬಾಗಿಲಿಗೆ ಎರಡು ಚಿಲಕ, ಒಂದು ಎರಡೂವರೆ ಅಡಿ ಎತ್ತರದಲ್ಲಿ, ಪಕ್ಕದಲ್ಲಿ "ಒಂದನೇ ಕ್ಲಾಸ್ ಮಗು ಕೈಗೆ" ಅಂತ ಬರೆದಿದ್ದಾರೆ. ಒಳಗಡೆ ದುಪಟ್ಟ ಹಾಕೋಕೆ ಮೊಳೆ. ಪ್ಯಾಡ್ ಹಾಕೋಕೆ ಮುಚ್ಚಳದ ಡಬ್ಬಿಗೆ ಗೋಡೇಲೇ ಗೂಡು.

ಗೋಡೆ ಮಣ್ಣಿನ ಬ್ಲಾಕಿಂದು, ಸುಟ್ಟ ಇಟ್ಟಿಗೆ ಅಲ್ಲ. ಸಂಪ್ ತೋಡಿದ ಮಣ್ಣಿಗೇ ನೂರಕ್ಕೆ ಏಳೆಂಟು ಭಾಗ ಸಿಮೆಂಟ್ ಸೇರಿಸಿ ಮಶೀನಲ್ಲಿ ಒತ್ತಿ ಮೂರ್ನಾಲ್ಕು ವಾರ ನೀರು ಹಾಕೋದು. ಐಐಎಸ್‌ಸಿಯಲ್ಲಿ 1974ರಲ್ಲಿ 'ಅಸ್ತ್ರ' ಅಂತ, ಹಳ್ಳಿಗಳಿಗೆ ಉಪಯೋಗ ಆಗೋ ತಂತ್ರಜ್ಞಾನದ ವಿಭಾಗ ಶುರುವಾಯ್ತಲ್ಲ, ಅವ್ರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಸ್ಕೂಲ್ ಮಣ್ಣನ್ನ ಇವ್ರು ಜಾಮ್ ಬಾಟ್ಲಿಗೆ ಹಾಕಿ, ನೀರು ತುಂಬಿ, ಕುಲುಕಿ ನಮ್ಮ ಅಡಿಗೆಮನೆ ಕಿಟಕಿ ಮೇಲೆ ಇಟ್ಟಿದ್ರು, ಮರಳು ಎಷ್ಟು ಜೇಡಿ ಎಷ್ಟು ನೋಡೋಕೆ. ಮರಳು ಕ್ಷಣದಲ್ಲಿ ತಳ ಸೇರತ್ತೆ, ಜೇಡಿ ಇಳಿಯೋಕೆ ಒಂದು ದಿನ ಬೇಕು. ಬಾಟ್ಲಿ ಇನ್ನೂ ಅಲ್ಲೇ ಇದೆ, ಒರೆಸುವಾಗ ಅಲ್ಲಾಡಿಸ್ದೆ ಒರೆಸ್ತೀನಿ.

ನೀರಿಗೆ ಟ್ಯಾಂಕರ್ ನಂಬೋಕಾಗಲ್ಲ, 2024ರ ಬೇಸಿಗೆ ನಾವೆಲ್ಲ ನೋಡಿದೀವಲ್ಲ. ಬೆಂಗಳೂರಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ, ಅಂದ್ರೆ ಸಾವಿರ ಚದರಡಿ ಛಾವಣಿ ಮೇಲೆ ಹತ್ರ ಹತ್ರ 90 ಸಾವಿರ ಲೀಟರ್ ಬೀಳತ್ತೆ. ನಮ್ಮ ಛಾವಣಿ ಅದರ ಎರಡರಷ್ಟಿದೆ. ಎಲ್ಲಾನೂ ಹಿಡಿಯೋಕಾಗಲ್ಲ, ಹಿಡಿದಷ್ಟು ಫ್ಲಶ್‌ಗೆ.

ಒಟ್ಟು 9 ಲಕ್ಷ 40 ಸಾವಿರ ಬೇಕು. ಹಳೇ ಸ್ಟೂಡೆಂಟ್ಸು, ನನ್ನ ಮಕ್ಕಳು, ನನ್ನ ಪೆನ್ಷನ್ನು ಎಲ್ಲಾ ಸೇರಿ 3 ಲಕ್ಷ 10 ಸಾವಿರ ಆಗಿದೆ. ಗೋಪುರಕ್ಕೆ ಅಂದ್ರೆ ಕೊಡೋ ಜನ ಟಾಯ್ಲೆಟ್‌ಗೆ ಅಂದ್ರೆ ಸ್ವಲ್ಪ ಹಿಂದೆ ಮುಂದೆ ನೋಡ್ತಾರೆ, ಬೇಜಾರಿಲ್ಲ, ನಾನೂ ನೋಡ್ತಿದ್ದೆನೇನೋ. ನೂರು ರೂಪಾಯಿ ಆದ್ರೂ ಸರಿ, ಸ್ಕೂಲ್ ಆಫೀಸಲ್ಲಿ ರಸೀದಿ ಕೊಡ್ತಾರೆ. 80ಜಿ ಟ್ಯಾಕ್ಸ್ ವಿನಾಯಿತಿ ಇದೆ, ಆದ್ರೆ ಹಳೇ ಟ್ಯಾಕ್ಸ್ ಪದ್ಧತಿಯಲ್ಲಿರೋರಿಗೆ ಮಾತ್ರ, ಕ್ಯಾಶ್ 2000 ರೂಪಾಯಿ ದಾಟಿದ್ರೆ ವಿನಾಯಿತಿ ಸಿಗಲ್ಲ, ಚೆಕ್ ಕೊಡಿ. ಯಾರ ಹೆಸರಿನ ಕಲ್ಲೂ ಹಾಕ್ಸಲ್ಲ. ಅಪ್ಪನ ಹೆಸ್ರಾದ್ರೂ ಇರ್ಲಿ ಅಂದ್ಲು ಮಗಳು, ಟಾಯ್ಲೆಟ್ ಮೇಲಾ ಅಂತ ಮಗ ಕೇಳಿದ, ಮೂರೂ ಜನ ಅವ್ರು ಹೋದ್ಮೇಲೆ ಮೊದಲ್ನೇ ಸಲ ನಕ್ವಿ.

ಇನ್ನೊಂದು. ಬಾಗ್ಲುಗಳು ಹಳೇ ತೇಗದ್ದೇ ಆಗ್ಬೇಕು ಅಂತ ಪ್ಲಾನಲ್ಲಿದೆ, ಎಂಟು ಬೇಕು. ಚಾಮರಾಜಪೇಟೆ, ಮಲ್ಲೇಶ್ವರ ಕಡೆ ಯಾರಾದ್ರೂ ಹಳೇ ಮನೆ ಕೆಡವ್ತಿದ್ರೆ ಟಿಂಬರ್ ಅಂಗಡಿಯೋನಿಗೆ ಹೇಳೋಕ್ಮುಂಚೆ ದಯವಿಟ್ಟು ನಮಗೊಂದು ಮಾತು ಹೇಳಿ, ಆಟೋ ತಗೊಂಡು ನಾನೇ ಬರ್ತೀನಿ.