ಈ ಮಳೆಗಾಲದಿಂದ ಗೇಣುದ್ದದ ಸಸಿ ಮಾತ್ರ

ಪ್ರೀತಿಯ ಗ್ರಾಹಕರಿಗೆ,

ಶಿರಸಿ ಸೀಮೆಯ ನಮ್ಮ ಕಾಡುಗಿಡ ಬಳಗದ ನಮಸ್ಕಾರಗಳು.

ಸುತ್ತಿ ಬಳಸಿ ಹೇಳುವುದು ಬೇಡ. ಈ ಮಳೆಗಾಲದಿಂದ ನಮ್ಮ ನರ್ಸರಿಯಲ್ಲಿ ಸೊಂಟದೆತ್ತರದ, ಆಳೆತ್ತರದ ಗಿಡಗಳು ಸಿಗುವುದಿಲ್ಲ. ಸಿಗುವುದು ಗೇಣುದ್ದದ ಸಸಿ, ಇಲ್ಲವೇ ಮೊಳಕೆ ಬಂದ ಬೀಜ. ಅದೂ ಮೊದಲೇ ಹೇಳಿಟ್ಟವರಿಗೆ. ಕೊಡುವುದು ಆರಿದ್ರಾ ಮತ್ತು ಪುನರ್ವಸು ಮಳೆಯ ನಾಲ್ಕು ವಾರಗಳಲ್ಲಿ ಮಾತ್ರ, ಅಂದರೆ ಜೂನ್ 22ರಿಂದ ಜುಲೈ 19ರವರೆಗೆ. ಆಮೇಲೆ ಬಂದರೆ ಚಾ ಸಿಗುತ್ತದೆ, ಗಿಡ ಸಿಗುವುದಿಲ್ಲ.

ಇದೆಂಥ ವ್ಯಾಪಾರ ಅಂತ ನಿಮಗೆ ಅನಿಸಬಹುದು. ನಮ್ಮ ಸಭೆಯಲ್ಲೂ ಅದೇ ಮಾತು ಬಂತು. ಎರಡು ಭಾನುವಾರ ವಾದವಾಯಿತು. ಒಬ್ಬರು ಸಿಟ್ಟಾಗಿ ಎದ್ದೂ ಹೋದರು. ಮರುವಾರ ಅವರೇ ಬಂದು ಸಸಿ ಬೆಳೆಸುವ ಪ್ಲಾಸ್ಟಿಕ್ ಕೊಟ್ಟೆಗೆ ಮಣ್ಣು ತುಂಬಿದರು, ಅದು ಬೇರೆ ವಿಷಯ.

ಕಾರಣ ಹೇಳುತ್ತೇವೆ. ಕಳೆದ ಆಷಾಢದಲ್ಲಿ ಸಿದ್ದಾಪುರದ ಕಡೆಯ ಒಬ್ಬ ಅಕ್ಕ ಫೋನ್ ಮಾಡಿದ್ದರು. ನಾಲ್ಕು ವರ್ಷದ ಹಿಂದೆ ನಮ್ಮಲ್ಲಿಂದ ಒಯ್ದು ಬೆಟ್ಟದಲ್ಲಿ ನೆಟ್ಟ ಧೂಪದ ಗಿಡ ಗಾಳಿಗೆ ಬಿತ್ತು ಅಂದರು. ಮುರಿದದ್ದಲ್ಲ, ಬುಡಸಮೇತ ಮಗುಚಿದ್ದು. ನಾವು ಇಬ್ಬರು ಹೋಗಿ ನೋಡಿದೆವು. ಗಿಡ ತಲೆ ಮೇಲೆ ಬೆಳೆದಿತ್ತು, ಚಿಗುರು ಕೆಂಪಗೆ ಚೆನ್ನಾಗಿಯೇ ಇತ್ತು. ಬೇರು ನೋಡಿದಾಗ ಮಾತು ಹೊರಡಲಿಲ್ಲ. ಸಿಂಬೆ ಸುತ್ತಿಟ್ಟ ಹಾಗೆ ಉರುಟಾಗಿ ಸುತ್ತಿಕೊಂಡಿತ್ತು, ಸರಿಯಾಗಿ ನಮ್ಮ ಕೊಟ್ಟೆಯ ಅಳತೆಗೆ. ನಾಲ್ಕು ಮಳೆಗಾಲದಲ್ಲಿ ಒಂದು ಗಟ್ಟಿ ಬೇರೂ ಕೆಳಗೆ ಇಳಿದಿರಲಿಲ್ಲ. ಅಕ್ಕ ಕೊಟ್ಟೆ ಹರಿದು ತೆಗೆದೇ ನೆಟ್ಟಿದ್ದರು. ಆದರೂ ಗಿಡ ಕೊಟ್ಟೆ ಬಿಟ್ಟು ಹೊರಗೆ ಬಂದಿರಲಿಲ್ಲ.

ಅಕ್ಕ ಬಯ್ಯಲಿಲ್ಲ. "ನಾನೇ ಗುಂಡಿ ಸಣ್ಣ ತೋಡಿದ್ದೆನೋ ಏನೋ" ಅಂದರು. ಬಯ್ದಿದ್ದರೇ ವಾಸಿಯಿತ್ತು. ತಪ್ಪು ಗುಂಡಿಯದಲ್ಲ, ನಮ್ಮದು.

ವಾಪಸ್ ಬಂದು ನಮ್ಮಲ್ಲಿ ಉಳಿದಿದ್ದ ಹಳೆಯ ಗಿಡಗಳ ಕೊಟ್ಟೆ ಸೀಳಿ ನೋಡಿದೆವು. ಎರಡು ವರ್ಷ ದಾಟಿದ ಬಹುತೇಕ ಗಿಡಗಳಲ್ಲಿ ಅದೇ ಸಿಂಬೆ. ಧೂಪ, ಹೊನ್ನೆ, ಹಲಸು, ಅಂಟುವಾಳ, ಯಾವುದೂ ಬಿಟ್ಟಿಲ್ಲ.

ನಮ್ಮ ಮರಗಳ ಸ್ವಭಾವ ಹಾಗೆ. ಇವು ಮೇಲೆ ಬೆಳೆಯುವ ಮೊದಲು ಕೆಳಗೆ ಬೆಳೆಯುತ್ತವೆ. ಎರಡೆಲೆ ಬಿಚ್ಚುವ ಹೊತ್ತಿಗೆ ತಾಯಿಬೇರು ಗೇಣು ದಾಟಿರುತ್ತದೆ. ಮುಂದೆ ಬರುವ ಬೇಸಿಗೆಗೆ ಅದು ಆಗಲೇ ನೀರು ಹುಡುಕಲು ಹೊರಟಿರುತ್ತದೆ. ಕೊಟ್ಟೆಯ ತಳ ಸಿಕ್ಕಿದಾಗ ಅದಕ್ಕೆ ದಾರಿಯಿಲ್ಲ. ತಿರುಗುತ್ತದೆ, ಸುತ್ತುತ್ತದೆ, ಸುತ್ತಿದ ಹಾಗೇ ದಪ್ಪವಾಗುತ್ತದೆ. ಆಮೇಲೆ ಎಷ್ಟು ಒಳ್ಳೆಯ ಮಣ್ಣಿಗೆ ಹಾಕಿದರೂ ಆ ಸುತ್ತು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಮೊದಲ ಮೂರು ನಾಲ್ಕು ವರ್ಷ ಏನೂ ಗೊತ್ತಾಗುವುದಿಲ್ಲ. ಒಂದು ದಿನ ಗಾಳಿಗೆ ಬೀಳುತ್ತದೆ, ಇಲ್ಲವೇ ತನ್ನ ಬೇರೇ ತನ್ನ ಕುತ್ತಿಗೆ ಹಿಸುಕಿ ಒಣಗುತ್ತದೆ. ಕೆಲವು ಗಿಡಗಳ ಬೇರು ಕೊಟ್ಟೆಯ ತೂತಿನಿಂದ ನುಸುಳಿ ನರ್ಸರಿಯ ನೆಲಕ್ಕೇ ಇಳಿಯುತ್ತದೆ. ಅಂಥದ್ದನ್ನು ಎತ್ತಿ ಕೊಡುವಾಗ ಆ ಬೇರು ಪಟ್ಟನೆ ಹರಿಯುವ ಸದ್ದು ನಮಗೆ ಕೇಳುತ್ತಿತ್ತು. ಕೇಳಿಯೂ ಕೊಡುತ್ತಿದ್ದೆವು. ಈಗ ಒಪ್ಪಿಕೊಳ್ಳುತ್ತೇವೆ.

ಯಾಕೆ ಹೀಗಾಯಿತು? ಗಿಡ ಒಯ್ಯಲು ಬಂದವರು ಮೊದಲು ಕೇಳುವುದು "ಇದಕ್ಕಿಂತ ದೊಡ್ಡದು ಇಲ್ವಾ?" ಅಂತ. ನಾವೂ ಅದಕ್ಕೆ ತಕ್ಕ ಹಾಗೆ ಬೆಲೆ ಇಟ್ಟಿದ್ದೆವು. ಗೇಣುದ್ದದ್ದಕ್ಕೆ 30 ರೂಪಾಯಿ, ಸೊಂಟದೆತ್ತರಕ್ಕೆ 100, ಆಳೆತ್ತರಕ್ಕೆ 250. ಅಂದರೆ ಈ ವರ್ಷ ಯಾರೂ ಕೊಳ್ಳದೆ ಉಳಿದ ಗಿಡ ಮುಂದಿನ ವರ್ಷ ಜಾಸ್ತಿ ಬೆಲೆಗೆ ಹೋಗುತ್ತಿತ್ತು. ಕೊಟ್ಟೆಯಲ್ಲಿ ಮುದಿಯಾದಷ್ಟೂ ನಮಗೆ ಲಾಭ. ತರಕಾರಿ ಅಂಗಡಿಯವರು ಹೀಗೆ ಮಾಡಿದರೆ ನಾವು ಸುಮ್ನೆ ಬಿಡುತ್ತೇವಾ?

ಇನ್ನು ಮೇಲೆ ಎಲ್ಲ ಸಸಿಗೂ ಒಂದೇ ಬೆಲೆ, 50 ರೂಪಾಯಿ. ಗೇಣುದ್ದದ್ದಕ್ಕೆ 20 ರೂಪಾಯಿ ಏರಿದೆ, ನಿಜ. ಎತ್ತರದ ಗಿಡದ ದುಡ್ಡಿನಿಂದಲೇ ನೀರು ಹಾಕುವವರ ಸಂಬಳ ಹೊರಡುತ್ತಿತ್ತು, ಅದೀಗ ಇಲ್ಲ. ಮೊಳಕೆ ಬೀಜಕ್ಕೆ ತಲಾ 10 ರೂಪಾಯಿ. ಒಂದು ಮಳೆಗಾಲಕ್ಕಿಂತ ಜಾಸ್ತಿ ಕೊಟ್ಟೆಯಲ್ಲಿ ಕಳೆದ ಸಸಿ ಮಾರುವುದಿಲ್ಲ. ಉಳಿದದ್ದನ್ನು ಬಳಗದವರೇ ಸೊಪ್ಪಿನಬೆಟ್ಟಗಳಲ್ಲಿ (ಅಡಕೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ) ನೆಟ್ಟು ಮುಗಿಸುತ್ತೇವೆ. ಉಪ್ಪಿನಕಾಯಿ ಮಾವಾದ ಅಪ್ಪೆಮಿಡಿಯ ಕಸಿಗೆ ಮಾತ್ರ ಈ ನಿಯಮ ಇಲ್ಲ. ಕಸಿ ಕೂಡಿಕೊಂಡು ಗಟ್ಟಿಯಾಗಲು ಹೊತ್ತು ಬೇಕು.

ಮೊದಲೇ ಹೇಳಿಡಿ ಅನ್ನುವುದಕ್ಕೂ ಕಾರಣವಿದೆ. ಕಾನಿನ, ಅಂದರೆ ನಿತ್ಯಹಸಿರು ಕಾಡಿನ, ಮರಗಳ ಬೀಜ ಭತ್ತ, ಹೆಸರುಕಾಳಿನ ಹಾಗೆ ಡಬ್ಬಿಯಲ್ಲಿ ಕಾಯುವುದಿಲ್ಲ. ಧೂಪದ ಬೀಜ ಮಳೆ ಶುರುವಾಗುವ ಹೊತ್ತಿಗೆ ಉದುರುತ್ತದೆ, ಉದುರಿದಲ್ಲೇ ಮೊಳೆಯುತ್ತದೆ. ಒಣಗಿಸಿಟ್ಟರೆ ಸತ್ತೇ ಹೋಯಿತು. ಹಲಸು, ಮುರುಗಲು (ಕೋಕಂ), ರಾಮಪತ್ರೆ ಎಲ್ಲ ಇದೇ ಗುಂಪಿನವು. ಹುಳಿಗೆ ಬಳಸುವ ಉಪ್ಪಾಗೆಯದು ಇನ್ನೊಂದು ತರ. ಹಣ್ಣಾಗುವುದು ಮಳೆಗಾಲದಲ್ಲಿ, ಜುಲೈಯಲ್ಲಿ ಬಿತ್ತಿದರೆ ಮೊಳಕೆ ಕಾಣುವುದು ಸಂಕ್ರಾಂತಿ ಹೊತ್ತಿಗೆ. ಆರು ತಿಂಗಳು ಬರೀ ಮಣ್ಣಿಗೆ ನೀರು ಹಾಕಬೇಕು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗ ಒಮ್ಮೆ ಇದು ಸತ್ತಿದೆ ಅಂತ ಇಡೀ ಮಡಿಯನ್ನೇ ಅಗೆದು ಹಾಕಿದ್ದ. ಹಾಗಾಗಿ ಯಾರಿಗೆ ಯಾವುದು ಎಷ್ಟು ಬೇಕು ಅಂತ ಬೀಜ ಬೀಳುವ ಮೊದಲೇ ಗೊತ್ತಿರಬೇಕು. ಮೇ 31ರೊಳಗೆ ಹೇಳಿದರೆ ಮೊಳಕೆ ಬೀಜ ಈ ಮಳೆಗಾಲಕ್ಕೇ ಕೊಡುತ್ತೇವೆ. ಸಸಿಯೇ ಬೇಕಾದರೆ ಮುಂದಿನ ಮಳೆಗಾಲಕ್ಕೆ. ಒಂದು ವರ್ಷ ಕಾಯಬೇಕು, ಹೌದು. ಹೋದ ವರ್ಷ ಬಿತ್ತಿದ ಸ್ವಲ್ಪ ಸಸಿ ಇವೆ, ಈ ಸಲಕ್ಕೆ ಅವನ್ನು ಮೊದಲು ಕೇಳಿದವರಿಗೆ ಕೊಡುತ್ತೇವೆ.

ನಮ್ಮನ್ನು ಕೇಳಿದರೆ ಧೂಪಕ್ಕೂ ಹಲಸಿಗೂ ಅಂಟುವಾಳಕ್ಕೂ ಸಸಿಗಿಂತ ಮೊಳಕೆ ಬೀಜವೇ ಒಳ್ಳೆಯದು. ನೆಲದಲ್ಲೇ ಹುಟ್ಟಿದ ಬೇರಿಗೆ ಸುತ್ತುವ ಪ್ರಶ್ನೆಯೇ ಇಲ್ಲ. ಒಂದೊಂದು ಗುಂಡಿಗೆ ಎರಡು ಮೂರು ಹಾಕಿ, ಮರುವರ್ಷ ಚೆನ್ನಾಗಿರುವ ಒಂದನ್ನು ಉಳಿಸಿಕೊಳ್ಳಿ. ಕಾಡುಹಂದಿ, ಮುಳ್ಳುಹಂದಿ ಕಾಟ ಇರುವಲ್ಲಿ ಮಾತ್ರ ಸಸಿಯೇ ವಾಸಿ.

ಇನ್ನೊಂದು ನಿಯಮಕ್ಕೆ ಜಗಳ ಬರುತ್ತದೆ ಅಂತ ಗೊತ್ತು. ಮುರುಗಲು, ಉಪ್ಪಾಗೆ, ರಾಮಪತ್ರೆ ಇವುಗಳ ಸಸಿಯನ್ನು ಇನ್ನು ಒಂದೊಂದೇ ಕೊಡುವುದಿಲ್ಲ, ಐದರ ಕಟ್ಟು. ಇವುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಸಸಿಯ ಮುಖ ನೋಡಿ ಯಾರೂ ಹೇಳಲಾರರು. ಹೂ ಬಿಟ್ಟ ಮೇಲೇ ತಿಳಿಯುವುದು, ಅದಕ್ಕೆ ಏಳೆಂಟು ವರ್ಷವಾದರೂ ಬೇಕು. ಒಂದೇ ಮುರುಗಲು ನೆಟ್ಟು ಎಂಟು ವರ್ಷ ಕಾದು ಗಂಡು ಅಂತ ಗೊತ್ತಾದವರ ಬೇಸರ ನಮಗೆ ಗೊತ್ತು. ಐದರಲ್ಲಿ ಎರಡಾದರೂ ಹೆಣ್ಣು ಸಿಗುವ ಸಾಧ್ಯತೆ ಚೆನ್ನಾಗಿದೆ. ಗಂಡು ಬಂದರೆ ಕಡಿಯಬೇಡಿ, ಅದಿಲ್ಲದೆ ಹೆಣ್ಣಿಗೆ ಕಾಯಿ ಹೇಗೆ ಕಚ್ಚಬೇಕು? ಹಣ್ಣೇ ಮುಖ್ಯ, ಕಾಯಲು ಆಗುವುದಿಲ್ಲ ಅನ್ನುವವರು ಹೆಣ್ಣು ಮರದಿಂದ ಕಟ್ಟಿದ ಕಸಿ ಗಿಡ ತೆಗೆದುಕೊಳ್ಳಿ. ನಮ್ಮಲ್ಲಿ ಕಸಿ ಕಟ್ಟುವುದು ಕಡಿಮೆ, ಕಟ್ಟುವವರ ದಾರಿ ಹೇಳುತ್ತೇವೆ.

ಬೀಜ ಎಲ್ಲಿಂದ ಬಂತು ಅನ್ನುವುದನ್ನೂ ಇನ್ನು ಪ್ರತಿ ಕಟ್ಟಿನ ಮೇಲೆ ಬರೆಯುತ್ತೇವೆ. ಊರು, ಬೆಟ್ಟವೋ ಕಾನೋ ತೋಟವೋ, ಎಷ್ಟು ಮರಗಳಿಂದ ಆಯ್ದದ್ದು ಅಂತ. ರಸ್ತೆ ಪಕ್ಕ ಸುಲಭಕ್ಕೆ ಸಿಕ್ಕಿದ ಒಂದೇ ಮರದ ಬೀಜದಿಂದ ನೂರು ಸಸಿ ಮಾಡಿದರೆ ಆ ನೂರೂ ಅಣ್ಣತಮ್ಮಂದಿರೇ. ಅಂಕೋಲಾ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು, ಪದ್ಮಶ್ರೀ ಬಂದ ನಮ್ಮ ಜಿಲ್ಲೆಯ ಅಜ್ಜಿ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದುಡಿದು ಹೆಸರಾದದ್ದು ಇದೇ ವಿದ್ಯೆಗೆ. ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜ ಯಾವಾಗ ಆಯಬೇಕು ಅನ್ನುವುದು ಅವರಿಗೆ ಕೈಗೂಸಿನ ಹಾಗೆ ಗೊತ್ತಿತ್ತು. 2024ರ ಡಿಸೆಂಬರ್ 16ರಂದು ಅವರು ತೀರಿಕೊಂಡರು. ನಮಗೆ ಅವರ ಕಣ್ಣಿಲ್ಲ, ಅದಕ್ಕೇ ಚೀಟಿ ಬರೆದು ಅಂಟಿಸುತ್ತಿದ್ದೇವೆ.

ಪಾರ್ಸೆಲ್ ಕಳಿಸುವುದನ್ನೂ ನಿಲ್ಲಿಸಿದ್ದೇವೆ. ಬೆಂಗಳೂರಿನವರಿಗೆ ಬೇಸರವಾಗಬಹುದು. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಸುರಿಯುವ ಮಳೆಗೆ ಒಗ್ಗಿದ ಧೂಪವನ್ನು ತಾರಸಿ ಬಿಸಿಲಿನ ಸೈಟಿನಲ್ಲಿ ನೆಟ್ಟು ಏನು ಮಾಡುತ್ತೀರಿ? ಅಲ್ಲಿಗೆ ಹೊಂಗೆ, ನೇರಳೆ, ಬೇವು ಚೆನ್ನ, ಅವು ನಿಮ್ಮ ಸುತ್ತಲೇ ಸಿಗುತ್ತವೆ.

ಈ ನೆಪದಲ್ಲಿ ಹಳೆಯ ಎರಡು ವಾದಗಳನ್ನೂ ಮುಗಿಸಿಬಿಡೋಣ. ನಾಗಲಿಂಗ ಪುಷ್ಪ ನಮ್ಮಲ್ಲಿ ಇಲ್ಲ, ಇಡುವುದೂ ಇಲ್ಲ. ದೇವಸ್ಥಾನದ ಅಂಗಳದಲ್ಲಿದೆ, ಹೂವಿನಲ್ಲಿ ಲಿಂಗ ಕಾಣುತ್ತದೆ, ಎಲ್ಲ ಸರಿ. ಆದರೆ ಮರ ದಕ್ಷಿಣ ಅಮೆರಿಕದ್ದು. ದೇವಕಣಗಿಲೆಯೂ ಆ ಕಡೆಯದೇ. ಇನ್ನು ಅಶೋಕ. ಕಾಂಪೌಂಡಿಗೆ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಗಿಡ ಬೇಕು ಅಂತ ಬರುತ್ತೀರಿ. ಅದು ಬೇರೆ ಜಾತಿ. ನಾವು ಅಶೋಕ ಅನ್ನುವುದು ಸೀತಾಶೋಕವನ್ನು, ಕೊಂಬೆಗೇ ಅಂಟಿಕೊಂಡು ಕಿತ್ತಳೆ ಕೆಂಪು ಗೊಂಚಲು ಬಿಡುವುದು. ತೊಗಟೆಗಾಗಿ ಸುಲಿದು ಸುಲಿದು ಕಾಡಿನಲ್ಲಿ ಅಪರೂಪವಾಗಿದೆ. ನೆರಳಿರುವ, ನೀರಿನ ಪಸೆ ಇರುವ ಜಾಗ ಇದ್ದರೆ ದಯವಿಟ್ಟು ಒಯ್ಯಿರಿ. ಬಿಸಿಲಿನ ಗೇಟಿನ ಪಕ್ಕ ನೆಡುವುದಾದರೆ ಬೇಡ.

ಮರದ ಮೇಲೆ ಬೆಳೆಯುವ ಆರ್ಕಿಡ್ ಸೀತಾಳೆ ದಂಡೆ ಕೊಡುವುದನ್ನು ಪೂರ್ತಿ ಬಿಟ್ಟಿದ್ದೇವೆ. ಬಿದ್ದ ಕೊಂಬೆಯದನ್ನು ಮಾತ್ರ ತರುತ್ತಿದ್ದೆವು. ಆದರೆ ನಮ್ಮಲ್ಲಿ ಕಂಡವರು ಮರ ಹತ್ತಿ ಕಿತ್ತು ತರಲು ಶುರು ಮಾಡಿದರು.

ಈಗಾಗಲೇ ನಮ್ಮಲ್ಲಿ ದೊಡ್ಡ ಗಿಡ ಒಯ್ದವರಿಗೆ ಹೇಳಬೇಕಾದ್ದು ಇದು. ನೆಟ್ಟಾಗಿದ್ದರೆ ಕಿತ್ತು ನೋಡಬೇಡಿ. ಎಲ್ಲವೂ ಬೀಳುತ್ತವೆ ಅಂತಿಲ್ಲ. ಅದರಿಂದ ಒಂದು ಮಾರು ದೂರದಲ್ಲಿ ನೆಡಲು ಅದೇ ಜಾತಿಯ ಸಸಿ ಅಥವಾ ಮೊಳಕೆ ಬೀಜ ಬಿಟ್ಟಿ ಕೊಡುತ್ತೇವೆ. ರಸೀದಿ ಬೇಕಾಗಿಲ್ಲ, ಬಂದು ಹೇಳಿದರೆ ಸಾಕು. ಹಳೆಯದು ನಿಂತರೆ ನಿಮಗೆ ಎರಡು ಮರ. ಗಿಡ ಇನ್ನೂ ಕೊಟ್ಟೆಯಲ್ಲೇ ಇದ್ದರೆ ಆರಿದ್ರಾ ಮಳೆ ಹಿಡಿಯುವವರೆಗೆ ಕಾಯಿರಿ. ಕೊಟ್ಟೆ ಪೂರ್ತಿ ತೆಗೆದು, ತಳದಲ್ಲಿ ಸುತ್ತಿದ ಬೇರನ್ನು ಹರಿತ ಕತ್ತಿಯಿಂದ ಒಂದಂಗುಲ ಕತ್ತರಿಸಿ, ಬದಿಯಲ್ಲಿ ಮೂರು ಕಡೆ ಮೇಲಿನಿಂದ ಕೆಳಗೆ ಗೀರಿ. ಅರ್ಧದಷ್ಟು ಎಲೆ ತೆಗೆದು ನೆಡಿ. ನೋಡಲು ಬೋಳಾಗಿ ಕಾಣುತ್ತದೆ, ಮನಸ್ಸು ಬರುವುದಿಲ್ಲ. ಆದರೂ ಮಾಡಿ. ಮೂರು ವರ್ಷ ದಾಟಿದ್ದಾದರೆ ಆ ಕಷ್ಟ ಬೇಡ, ನಮಗೆ ವಾಪಸ್ ಕೊಟ್ಟು ದುಡ್ಡು ತೆಗೆದುಕೊಂಡು ಹೋಗಿ.

ಚಿಕ್ಕ ಸಸಿಯನ್ನು ದನ ತಿಂದರೆ ಅನ್ನುವ ಪ್ರಶ್ನೆ ಇದ್ದೇ ಇದೆ. ಬಿದಿರಿನ ಗೂಡು ಹೆಣೆದು ಇಟ್ಟಿದ್ದೇವೆ, 40 ರೂಪಾಯಿ. ಮನೆಯಲ್ಲಿ ಮುಳ್ಳು ಇದ್ದರೆ ಅದನ್ನೇ ಸುತ್ತಲೂ ಚುಚ್ಚಿ. ಮಳೆ ನಿಂತ ಮೇಲೆ ಬುಡಕ್ಕೆ ದರಕು (ಒಣಗಿದ ಎಲೆ) ದಪ್ಪಕ್ಕೆ ಹಾಕಿ. ಆದರೆ ಬೆಂಕಿ ಬೀಳುವ ಬೆಟ್ಟವಾದರೆ ಮಾಘದ ಹೊತ್ತಿಗೆ ಸುತ್ತ ಮಾರುದ್ದ ಕೆರೆದು ಬೋಳು ಮಾಡಿ. ಸಸಿ ಸಾಯುವುದು ಮೊದಲ ಎರಡು ಬೇಸಿಗೆಯಲ್ಲಿ.

ಪ್ಲಾಸ್ಟಿಕ್ ಬಿಡಬೇಕು ಅಂತ ಅಡಕೆ ಹಾಳೆಯ ಕೊಟ್ಟೆ ಮಾಡಿ ನೋಡಿದೆವು. ಒರಲೆ (ಗೆದ್ದಲು) ತಿಂದು ಮುಗಿಸಿತು, ಸಸಿ ನೆಡುವ ಮೊದಲೇ. ಸದ್ಯಕ್ಕೆ ಹಳೆಯ ಕೊಟ್ಟೆಯೇ. ಹರಿಯದೆ ವಾಪಸ್ ತಂದರೆ ಒಂದಕ್ಕೆ 2 ರೂಪಾಯಿ ಕೊಡುತ್ತೇವೆ. ಮೊಳಕೆ ಬೀಜವನ್ನು ಮಾತ್ರ ಒದ್ದೆ ಪಾಚಿಯಲ್ಲಿ ಇಟ್ಟು ಬಾಳೆಲೆಯಲ್ಲಿ ಕಟ್ಟಿ ಕೊಡುತ್ತೇವೆ. ಅದೇ ದಿನ, ತಪ್ಪಿದರೆ ಮರುದಿನ ಮಣ್ಣಿಗೆ ಹೋಗಬೇಕು.

ಭಾನುವಾರದ ಗಿಡ ನೋಡುವ ನಡಿಗೆ ಮುಂದುವರಿಯುತ್ತದೆ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ ಮಾತ್ರ ಇನ್ನು ಗುಂಪು ಕರೆದೊಯ್ಯುವುದಿಲ್ಲ. ಅಲ್ಲಿಯ ಜೌಗಿನಲ್ಲಿ ಜಾಯಿಕಾಯಿ ಬಳಗದ ಕಾಡುಜಾಯಿಯ ಮರಗಳು ಉಸಿರಾಡಲು ಬೇರನ್ನೇ ಕೆಸರಿನಿಂದ ಮೇಲೆತ್ತಿರುತ್ತವೆ. ಆ ಊರಿನ ಹೆಸರನ್ನೇ ಹೊತ್ತ ಒಂದು ಮರವನ್ನು ವಿಜ್ಞಾನಿಗಳು 2000ದಲ್ಲಷ್ಟೇ ಗುರುತಿಸಿದ್ದು, ಗೇರಿನ ಬಳಗದ್ದು. ಇಪ್ಪತ್ತು ಜನ ಕಾಲಿಟ್ಟರೆ ಎಷ್ಟು ಸಸಿ ತುಳಿದೆವು ಅಂತ ಲೆಕ್ಕ ಸಿಗುವುದಿಲ್ಲ. ಬದಲಿಗೆ ನಿಮ್ಮ ನಿಮ್ಮ ಬೆಟ್ಟ ತೋರಿಸಿ, ಅಲ್ಲಿಗೇ ಬರುತ್ತೇವೆ. ಮತ್ತಿ, ಹುಣಾಲು, ನಂದಿ ಇವುಗಳ ವ್ಯತ್ಯಾಸ ತೊಗಟೆ ನೋಡಿ ಹೇಳುವುದನ್ನು ಕಲಿತರೆ ಅರ್ಧ ದಿನ ಸಾಲುವುದಿಲ್ಲ.

ಕೊನೆಗೆ ನಿಮ್ಮಿಂದ ಒಂದು ಸಹಾಯ ಬೇಕು. ಮುರುಗಲು ಸಿಪ್ಪೆ ಒಣಗಿಸುವವರು, ವಾಟೆಹುಳಿಯ ಹಣ್ಣು ಹೆಚ್ಚುವವರು ಬೀಜ ಎಸೆಯಬೇಡಿ. ಮುರುಗಲಿಗೆ ಉಪ್ಪು ಹಾಕುವ ಮೊದಲೇ ಬೀಜ ತೆಗೆದಿಡಿ. ಲೋಳೆ ಹೋಗುವವರೆಗೆ ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಬಿಸಿಲಿಗೆ ಮಾತ್ರ ಹಾಕಬೇಡಿ. ಹೋದ ವರ್ಷ ಒಬ್ಬ ರಾಯರು ಪ್ರೀತಿಯಿಂದ ಒಂದು ಬುಟ್ಟಿ ಬೀಜ ಗರಿಗರಿಯಾಗಿ ಒಣಗಿಸಿ ತಂದಿದ್ದರು. ಒಂದೂ ಮೊಳೆಯಲಿಲ್ಲ, ಅವರಿಗೆ ಇನ್ನೂ ಹೇಳಿಲ್ಲ.

ನಿಮ್ಮ ವಿಶ್ವಾಸಿಗಳು,
ಕಾಡುಗಿಡ ಬಳಗದ ನರ್ಸರಿ ನೋಡಿಕೊಳ್ಳುವವರು